ಬಲಗಡೆಯ ಹೆಸರು

ಬಂಡೆ ಜೇಬೆಜ್‌ನದು, ಮೋಡ ಕ್ರಿಸ್ಪಿನ್‌ನದು. 1825ರ ಲಂಡನ್ನಿನಲ್ಲಿ, ಗ್ಯಾರೊಡ್ ಸಾಹೇಬರ ಅಚ್ಚಿನ ಮನೆಯಲ್ಲಿ, ಒಂದೇ ತಾಮ್ರದ ತಗಡನ್ನು ಹೀಗೆ ಹಂಚಿಕೊಂಡು ಕೆತ್ತುವುದು ರೂಢಿ. ಚಿತ್ರ ಕಾರ್ನ್‌ವಾಲ್ ಕರಾವಳಿಯದು: ಕಡಿದಾದ ಬಂಡೆ, ಬಿರುಗಾಳಿ, ಒಡೆದ ಹಡಗು. ಜೇಬೆಜ್ ಹುಟ್ಟಿ ಬೆಳೆದದ್ದೇ ಆ ಬಂಡೆಗಳ ಮೇಲೆ. ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದು ಬಿರುಕನ್ನೂ ಕೆತ್ತಿದ್ದ. ಆ ಮೂವತ್ತರ ಆಸಾಮಿ ಕ್ರಿಸ್ಪಿನ್ನನೋ, ಸಮುದ್ರದ ಮುಖವನ್ನೇ ಕಂಡವನಲ್ಲ!

"ಈ ಸಲ ಚಿತ್ರದ ಕೆಳಗೆ ಬಲಗಡೆ, ಕೆತ್ತಿದವನ ಜಾಗ್ದಲ್ಲಿ, ನನ್ನ ಹೆಸ್ರು ಬೇಡ," ಎಂದಿದ್ದರು ಗ್ಯಾರೊಡ್. "ನಿಮ್ಮಿಬ್ರಲ್ಲಿ ಯಾರ ಕೆಲ್ಸ ಚಿತ್ರಾನ ಎತ್ತಿ ಹಿಡಿಯುತ್ತೋ ಅವರದ್ದು."

ಇಪ್ಪತ್ತಾರು ವರ್ಷದ ದುಡಿಮೆಯಲ್ಲಿ ಜೇಬೆಜ್‌ನ ಹೆಸರು ಒಂದೇ ಒಂದು ಅಚ್ಚಿನ ಕೆಳಗೂ ಬಿದ್ದಿರಲಿಲ್ಲ.

ಮೊದಲ ಪ್ರತಿ ತೆಗೆದಾಗ ಎಲ್ಲರೂ ಮುಗಿಬಿದ್ದರು. "ಅಬ್ಬಬ್ಬಾ, ಏನ್ ಮೋಡ ರೀ! ಮೈ ಜುಮ್ ಅನ್ನುತ್ತೆ!" ಬಂಡೆಯ ಬಗ್ಗೆ ಒಬ್ಬನೂ ತುಟಿ ಪಿಟಕ್ಕೆನ್ನಲಿಲ್ಲ. ಜೇಬೆಜ್‌ನ ಹೊಟ್ಟೆಗೆ ಬೆಂಕಿ ಬಿತ್ತು.

"ಮೋಡ ಯಾವನ್ ಬೇಕಾದ್ರೂ ಕೆತ್ತಾನೆ ಬಿಡ್ರಿ," ಎಂದ. "ತಪ್ಪಾದ್ರೂ ಅದು ಮೋಡಾನೇ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕ್ರಿಸ್ಪಿನ್ನನೇ ನಕ್ಕ. ಅದು ಇನ್ನೂ ಉರಿಸಿತು.

ಮಧ್ಯಾಹ್ನ ಎಲ್ಲರೂ ಬ್ರೆಡ್ಡು, ಬಿಯರು ಎಂದು ಎದುರಿನ ಅಂಗಡಿಗೆ ಹೋದರು. ಜೇಬೆಜ್ ತಪ್ಪು ಗೆರೆ ಅಳಿಸುವ ನುಣುಪು ಉಕ್ಕಿನ ಕಡ್ಡಿ ತೆಗೆದುಕೊಂಡು, ಮೋಡದ ಅತಿ ಕಪ್ಪಾದ, ಅತಿ ಚೆಂದದ ಜಾಗವನ್ನು ಓರೆಯಾಗಿ ಉಜ್ಜಿದ. ಉಜ್ಜಿದಲ್ಲಿ ಗೆರೆ ಮುಚ್ಚಿಹೋಗಿ ಮಸಿ ನಿಲ್ಲುವುದಿಲ್ಲ. ನಾಳೆ ಮೋಡದ ನಡುವೆ ಬೋಳು ತೇಪೆ ಬೀಳಲಿ, ಊರೆಲ್ಲ ನಗಲಿ! ನಾಚಿಕೆ ಆಗಲಿಲ್ಲವೇ? ಆಯಿತು. ಆದರೂ ಕೈ ನಿಲ್ಲಲಿಲ್ಲ.

ಮರುದಿನ ಎರಡನೆಯ ಪ್ರತಿ ಎತ್ತಿ ಹಿಡಿದ ಗ್ಯಾರೊಡ್ ಬೆಕ್ಕಸಬೆರಗಾದರು. ಉಜ್ಜಿದ ಜಾಗ ಬೋಳು ತೇಪೆಯಾಗಿರಲಿಲ್ಲ; ಮೋಡವನ್ನು ಸೀಳಿಕೊಂಡು ಬೆಳಕಿನ ಕೋಲೊಂದು ನೇರ ಬಂಡೆಯ ಮೇಲೆ ಇಳಿದಿತ್ತು.

"ಕ್ರಿಸ್ಪಿನ್! ನಿನ್ನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಕಣಯ್ಯಾ! ಹೆಸ್ರು ನಿಂದೇ."

ಅದು ನಂದು ಎಂದು ಜೇಬೆಜ್‌ಗೆ ಕಿರುಚಬೇಕೆನಿಸಿತು. ಆದರೆ ಏನೆಂದು ಹೇಳುವುದು? ಕೆಡಿಸಲು ಹೋಗಿದ್ದೆ ಎಂದೇ?

ಕ್ರಿಸ್ಪಿನ್ ಪ್ರತಿಯನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದ. "ಇದು ನಾನ್ ಮಾಡಿದ್ದಲ್ಲ ಸಾಹೇಬ್ರೆ. ನನ್ ಕೈ ಈ ಕಡೆ ಓರೆ ಹೋಗಲ್ಲ. ಇಲ್ಲಿ ಎಡಗೈಲಿ ಕೆಲ್ಸ ಮಾಡೋರು ಒಬ್ರೇ." ಜೇಬೆಜ್ ಕಡೆ ತಿರುಗಿದ. "ಅಣ್ಣಾ, ನಿಮ್ಮೂರಲ್ಲಿ ಬೆಳಕು ಹೀಗ್ ಬೀಳುತ್ತೆ ಅಂತ ನಿಮಗಲ್ದೆ ಇನ್ಯಾರಿಗ್ ಗೊತ್ತು? ನಾನ್ ತಪ್ಪಿದ್ದೆ, ನೀವು ತಿದ್ದಿದ್ರಿ. ಸಾಹೇಬ್ರೆ, ಹೆಸ್ರು ಅಣ್ಣಂದೇ ಹಾಕಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಜೇಬೆಜ್ ಕ್ರಿಸ್ಪಿನ್ನನ ಮುಖವನ್ನೇ ನೋಡಿದ. ಅಲ್ಲಿ ಕಿಚ್ಚಿನ ಲವಲೇಶವೂ ಇರಲಿಲ್ಲ. ಅಷ್ಟು ಸಲೀಸಾಗಿ ಕೊಟ್ಟುಬಿಟ್ಟನಲ್ಲ, ಪಾಪಿ! ಆ ಕೈಚಳಕ ಕಂಡು ಉರಿದದ್ದಕ್ಕಿಂತ ಹೆಚ್ಚಾಗಿ ಈಗ ಆ ಮನಸ್ಸನ್ನು ಕಂಡು ಜೇಬೆಜ್‌ನ ಹೊಟ್ಟೆ ಉರಿಯಿತು.

"ಹೌದು," ಎಂದ. "ನಾನೇ ತಿದ್ದಿದ್ದು."