ಒಂದೇ ಗೆರೆ

"ಬಾಯಿ ಮುಚ್ಚಬೇಡ ಇಸಕ್ಕಿ," ಎನ್ನುತ್ತ ಡಾಕ್ಟರ್ ಜೆಸಿಂತಾ, ಹುಳುಕು ಕೆರೆದ ಮುಂಬಲ್ಲಿನೊಳಗಿಂದ ಒಂದು ಹನಿ ರಕ್ತ ತೆಗೆದು, ದ್ರವದಲ್ಲಿ ಕದಡಿ, ಬಿಳಿ ಪಟ್ಟಿಯ ಮೇಲೆ ಬಿಟ್ಟರು. ಪಟ್ಟಿಯನ್ನು ಹುಡುಗಿಯ ತಾಯಿ ವಡಿವುವಿನ ಕೈಗೆ ಕೊಟ್ಟರು. ಒಂದೇ ಗೆರೆ ಬಂದರೆ ಹಲ್ಲಿನ ಜೀವ ಗಟ್ಟಿಯಿದೆ, ಔಷಧಿ ಇಟ್ಟು ಮುಚ್ಚಬಹುದು. ಎರಡು ಬಂದರೆ ಒಳಗೂ ಕೆಟ್ಟಿದೆ. "ಹತ್ತು ನಿಮಿಷ ಕಣ್ಣು ತೆಗೀಬೇಡಿ ಅಕ್ಕ," ಎಂದು ಔಷಧಿ ಕಲೆಸಲು ಪಕ್ಕದ ಕೋಣೆಗೆ ಹೋದರು.

ಹದಿನೇಳರ ಇಸಕ್ಕಿ ನಾಲ್ಕು ವರ್ಷದಿಂದ ದಾವಣಿಯಲ್ಲಿ ಬಾಯಿ ಮುಚ್ಚಿಕೊಂಡೇ ನಕ್ಕವಳು. ಒಂದು ಹಲ್ಲಿಗೂ ಆಸ್ಪತ್ರೆಯೇ ಎಂದು ಅಪ್ಪ ಪೇಚ್ಚಿಮುತ್ತು ಬೆಳಿಗ್ಗೆ ಅವಳ ತಲೆಯನ್ನು ಮೊಣಕಾಲ ಸಂದಿಗೆ ಸಿಕ್ಕಿಸಿ ಇಕ್ಕಳ ತೂರಿಸಿದ್ದ. ವಡಿವು ಅವನ ಮಣಿಕಟ್ಟು ಕಚ್ಚಿ ಬಿಡಿಸಿ, ಮಗಳನ್ನು ಎಳೆದುಕೊಂಡು ತಿರುನೆಲ್ವೇಲಿಯ ಬಸ್ಸು ಹತ್ತಿದ್ದಳು. ಅವನೂ ಹಿಂದೆಯೇ ಬಂದು, ಕೈಗೆ ಟವಲು ಸುತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದ.

ಎರಡು ವರ್ಷದ ಹಿಂದೆ ದೊಡ್ಡ ಮಗಳ ಟ್ರಂಕಿನಲ್ಲಿ ಅವನಿಗೆ ಇಂಥದೇ ಒಂದು ಪಟ್ಟಿ ಸಿಕ್ಕಿತ್ತು. ಬಸುರು ನೋಡುವ ಪಟ್ಟಿ. ಅಂದು ಬಾಳೆಗೊನೆ ಕಟ್ಟುವ ಹಗ್ಗದಲ್ಲಿ ಅವನು ಹೊಡೆದದ್ದನ್ನು ಇಡೀ ಬೀದಿ ನಿಂತು ನೋಡಿತ್ತು. ಆ ಮಗಳು ಮತ್ತೆ ಹೊಸ್ತಿಲು ತುಳಿಯಲಿಲ್ಲ.

ಮೊದಲ ಗೆರೆ ಕೆಂಪಗೆ ಮೂಡಿತು. ವಡಿವು ಗೋಡೆಯ ಗಡಿಯಾರ ನೋಡಿದಳು, ಪಟ್ಟಿ ನೋಡಿದಳು. ಹತ್ತು ನಿಮಿಷವಾಯಿತು. ಎರಡನೆಯದು ಬರಲಿಲ್ಲ. ಅದನ್ನು ಮಗಳಿಗೆ ತೋರಿಸುವಷ್ಟರಲ್ಲಿ ಬಾಗಿಲು ತೆರೆಯಿತು.

ಪೇಚ್ಚಿಮುತ್ತು ಅವಳ ಕೈಯಲ್ಲಿದ್ದುದನ್ನು ನೋಡಿದ.

"ಇವಳೂನಾ?" ಎಂದ, ಮೆಲ್ಲಗೆ. "ಹಲ್ಲು ಅಂತ ಸುಳ್ಳು ಹೇಳಿ ಇದಕ್ಕೇನೇ ಕರ್ಕೊಂಡು ಬಂದಿದ್ದು?"

ವಡಿವು ಅಡ್ಡ ನಿಂತಳು. ಅವಳನ್ನು ತಳ್ಳಿದ ರಭಸಕ್ಕೆ ತಟ್ಟೆ ಮಗುಚಿ, ಚಿಮಟ, ಹತ್ತಿ ನೆಲಕ್ಕೆ ಚೆಲ್ಲಿದವು. ಗೊನೆ ಹೊತ್ತು ಜಡ್ಡುಗಟ್ಟಿದ ಮುಷ್ಟಿ ಮಗಳ ಬಾಯಿಗೆ ಬಿತ್ತು. ಮತ್ತೊಮ್ಮೆ ಬಿತ್ತು. ಡಾಕ್ಟರೂ ಇಬ್ಬರು ಆಳುಗಳೂ ಓಡಿಬಂದು ಅವನನ್ನು ಗೋಡೆಗೆ ಒತ್ತಿ ಹಿಡಿದರು.

"ಅದು ಹಲ್ಲಿನ ಪರೀಕ್ಷೆ. ಹಲ್ಲಿನ ರಕ್ತ ಅದು," ಎಂದರು ಜೆಸಿಂತಾ, ಏದುಸಿರಿನಲ್ಲಿ.

ಅವನ ಮುಷ್ಟಿ ಬಿಚ್ಚಿಕೊಂಡಿತು. ಬೆರಳ ಗೆಣ್ಣು ಹರಿದಿತ್ತು.

ಸೂಜಿಮದ್ದಿಗೆ ಇಸಕ್ಕಿಯ ತುಟಿ ಇನ್ನೂ ಮರಗಟ್ಟಿತ್ತು. ಗದ್ದದಿಂದ ತೊಟ್ಟಿಕ್ಕುತ್ತಿದ್ದುದು ಅವಳಿಗೆ ತಿಳಿದಂತಿರಲಿಲ್ಲ.

"ಅಮ್ಮಾ, ಎಷ್ಟು ಗೆರೆ ಬಂತು?" ಎಂದು ತೊದಲಿದಳು.

"ಒಂದೇ ಕಣೇ, ಕಂದ."

ವಡಿವು ಕುಕ್ಕರಗಾಲಿನಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ, ಚೆಲ್ಲಿದ ಹತ್ತಿಯ ನಡುವೆ ಬೆರಳಾಡಿಸುತ್ತಿದ್ದಳು. ಮುಂಬಲ್ಲಿನ ಬಿಳಿಯ ಚೂರೊಂದು ಸಿಕ್ಕಿತು. ಅದನ್ನು ಸೀರೆಗೆ ಒರೆಸಿ, ಸೆರಗಿನ ತುದಿಗೆ ಗಂಟು ಹಾಕಿದಳು.