ಕಟ್ಟೆ ತಿರುವು

ಕಡೆಯ ಬೋಲ್ಟು ಸಡಿಲವಾಗುತ್ತಿದ್ದಂತೆ ಎಂಜಿನ್ನಿನ ತಳದ ಆಯಿಲ್ ಚೇಂಬರು ಮೋಹಿನಿಯ ಕೈಗೆ ಇಳಿಯಿತು. ಇನ್ನೂ ಬಿಸಿಯಾಗಿತ್ತು. ಕಾರಿನಡಿ ಅಂಗಾತ ಮಲಗಿದ್ದವಳು ಅದನ್ನು ಎದೆಯ ಮೇಲೆ ಹಾಸಿಕೊಂಡಿದ್ದ ಗೋಣಿತಾಟಿನ ಮೇಲೆ ಇಟ್ಟುಕೊಂಡು, ಎಂದಿನಂತೆ ಒಳಗೆ ಬೆರಳಾಡಿಸಿದಳು. ಬರಿದಾಗಿರಬೇಕಾದ ಜಾಗದಲ್ಲಿ ಬೆರಳಿಗೆ ಒಂದು ಅಂಚು ತಗುಲಿತು. ಟಾರ್ಚು ಹಾಕಿ ನೋಡಿದಳು. ತೂತು ಕೊರೆದ ತಗಡಿನ ಪ್ಲೇಟು, ನಾಲ್ಕೂ ಮೂಲೆಗೆ ಅಚ್ಚುಕಟ್ಟಾದ ವೆಲ್ಡಿಂಗು. ಅದು ಯಾರ ಕೈಕೆಲಸ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಂಡ್ಯದ ಪಾಲಿಟೆಕ್ನಿಕ್ಕಿನಲ್ಲಿ ಆ ಕೈಗೆ ವೆಲ್ಡಿಂಗು ಕಲಿಸಿದವಳು ಅವಳೇ.

ಕಾರಿನ ಪಕ್ಕದಲ್ಲಿ ಧೂಳು ಮೆತ್ತಿದ ಎರಡು ಶೂಗಳು ಕದಲದೆ ನಿಂತಿದ್ದವು.

"ಸಿಕ್ತಾ ಮೇಡಂ?" ಶ್ವೇತ ಕೇಳಿದಳು.

ಮೋಹಿನಿ ತೆವಳಿಕೊಂಡು ಹೊರಬಂದಳು. ಅರ್ಧ ಗಂಟೆಯ ಹಿಂದೆಯಷ್ಟೇ ಓಟದಲ್ಲಿ ಮೊದಲನೆಯವಳಾಗಿ ಗೆರೆ ದಾಟಿದ್ದ ಹುಡುಗಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವರ ಗಾಬರಿ ಇರಲಿಲ್ಲ.

"ಗೆಲ್ಲಾಕೆ ಅಂತ ಆಕಿದ್ದಲ್ಲ ಮೇಡಂ. ಅದ್ರಿಂದ ಒಂದ್ ಚೂರೂ ಸ್ಪೀಡ್ ಬರಲ್ಲ ಅಂತ ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಕಟ್ಟೆ ತಿರುವಲ್ಲಿ ಇನ್ನೊಂದ್ ಸಲ ಎಂಜಿನ್ ಸೀಜ್ ಆಗಿ ನಿಲ್ಬಾರ್ದು ಅಂತ, ಅಷ್ಟೇಯ."

ಹೇಳುವಾಗ ಅವಳ ಕೈ ತಾನಾಗಿಯೇ ಎಡಹೆಗಲ ಕಡೆ ಹೋಯಿತು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕಾರು ಹುಚ್ಚಿನವರು ಸೇರಿ ಕಟ್ಟಿಕೊಂಡ ಕ್ಲಬ್ಬು ಅದು. ಅಲ್ಲಿ ಓಡುವುದು ಒಂದೇ ಮಾದರಿಯ ಕಾರು, ಶರಭ. ಚಾವಣಿ ಇಲ್ಲದ, ಇಬ್ಬರಷ್ಟೇ ಕೂರುವ, ನೆಲಕ್ಕೆ ಅವುಚಿಕೊಂಡಂತಿರುವ ಸ್ಪೋರ್ಟ್ಸ್ ಕಾರು. ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅಲ್ಲಿ ಇಲ್ಲಿ ಶೆಡ್ಡುಗಳಲ್ಲಿ ಕೊಳೆಯುತ್ತಿದ್ದ ಹನ್ನೊಂದು ಕಾರುಗಳನ್ನು ಹುಡುಕಿ ತಂದು, ಹೊಳಲಿನ ಹತ್ತಿರ ನಾಲೆ ನೀರು ಹತ್ತದ ದಿಣ್ಣೆಯೊಂದರ ಮೇಲೆ ಟ್ರ್ಯಾಕು ಮಾಡಿಕೊಂಡಿದ್ದರು. ದಿಣ್ಣೆ ಶ್ವೇತಳ ಮನೆಯವರದು. ಅವಳ ಅಣ್ಣ ಚಲುವರಾಜು ಕ್ಲಬ್ಬಿನ ಅಧ್ಯಕ್ಷ.

ಕ್ಲಬ್ಬಿನ ನಿಯಮ ಒಂದೇ ಮಾತಿನದು: ಕಂಪನಿಯಿಂದ ಬಂದ ಕಾರು ಹೇಗಿತ್ತೋ ಹಾಗೇ ಇರಬೇಕು. ಬಣ್ಣ ನಿಮ್ಮಿಷ್ಟ, ಎಂಜಿನ್ನಿನೊಳಗೆ ಒಂದು ವಾಷರು ಬದಲಾದರೂ ಹೊರಗೆ. ಓಟದ ಮೊದಲು ಪ್ರತಿ ಕಾರನ್ನೂ ನೋಡಿ, ಅಪಾಯವಿಲ್ಲದ್ದಕ್ಕೆ ಮಾತ್ರ ಓಡಿಸಬಹುದೆಂಬ ಚೀಟಿ ಅಂಟಿಸುವುದು, ಓಟವಾದ ಮೇಲೆ ಮುಂದೆ ಬಂದ ಮೂರು ಕಾರುಗಳನ್ನು ಬಿಚ್ಚಿ ನೋಡುವುದು ಮೋಹಿನಿಯ ಕೆಲಸ. ಅದನ್ನು ಅವಳು ಪೂಜೆಯಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಳು. ವಿ.ಸಿ. ಫಾರಂನ ಕೃಷಿ ಕೇಂದ್ರದಲ್ಲಿ ಕೂಲಿ ಮಾಡುತ್ತಿದ್ದ ಮರಿಯಯ್ಯನ ಮಗಳು ಅವಳು. ಓದಿ, ಲೆಕ್ಚರರಾಗಿ, ಊರೊಳಗೆ ಸ್ವಂತ ಮನೆ ಕಟ್ಟಿಸಿ ಗೋಡೆಗೆ ಬುದ್ಧನ ಪಟ ಹಾಕಿಕೊಂಡ ಮೇಲೂ, ಯಾವ ಬೀದಿಯವರು, ಯಾರ ಕಡೆಯವರು ಎಂಬ ಪ್ರಶ್ನೆ ಸುತ್ತು ಹಾಕಿಕೊಂಡಾದರೂ ಅವಳನ್ನು ಹುಡುಕಿಕೊಂಡು ಬರುತ್ತಿತ್ತು. ಈ ದಿಣ್ಣೆಯ ಮೇಲೆ ಮಾತ್ರ ಆ ಪ್ರಶ್ನೆಗೆ ಜಾಗವಿರಲಿಲ್ಲ. ಜಮೀನಿದ್ದವನಿಗೂ ಅದೇ ಕಾರು, ಸಂಬಳದವನಿಗೂ ಅದೇ ಕಾರು.

ಆದರೆ ದಿಣ್ಣೆಯಂಚಿನ ನೀರಿನ ಕಟ್ಟೆಯನ್ನು ಬಳಸಿಕೊಂಡು ಹೋಗುವ ಉದ್ದನೆಯ ಎಡತಿರುವಿಗೆ ಹೋದ ವರ್ಷ ಟಾರು ಹಾಕಿಸಿದ ಮೇಲೆ ಹೊಸ ತೊಂದರೆ ಶುರುವಾಗಿತ್ತು. ಮಣ್ಣಿನಲ್ಲಿ ಜಾರುತ್ತಿದ್ದ ಟೈರುಗಳು ಈಗ ನೆಲ ಕಚ್ಚಿ ಹಿಡಿಯುತ್ತಿದ್ದವು. ಕಾರು ವೇಗವಾಗಿ ತಿರುಗುವಾಗ ಚೇಂಬರಿನೊಳಗಿನ ಎಣ್ಣೆಯೆಲ್ಲ ಒಂದು ಪಕ್ಕದ ಗೋಡೆಗೆ ಏರಿ ನಿಲ್ಲುತ್ತಿತ್ತು. ಎಣ್ಣೆ ಸಿಕ್ಕದ ಪಂಪು ಗಾಳಿ ಕುಡಿಯುತ್ತಿತ್ತು. ಒಣಗಿದ ಬೇರಿಂಗು ಒಂದು ದಿನ ಕಚ್ಚಿಕೊಂಡು ಎಂಜಿನ್ನು ನಿಂತೇ ಬಿಡುತ್ತಿತ್ತು. ಬೇಸಿಗೆಯ ಓಟದಲ್ಲಿ ಶ್ವೇತಳ ಕಾರು ಹಾಗೆ ತಿರುವಿನ ನಡುವೆ ನಿಂತು, ಗಿರ್ರನೆ ತಿರುಗಿ, ಕಟ್ಟೆಯ ಏರಿಗೆ ಗುದ್ದಿತ್ತು. ಅವಳ ಎಡಹೆಗಲ ಕೊರಳೆಲುಬು ಮುರಿದಿತ್ತು.

ಆಮೇಲಿನ ಮೀಟಿಂಗಿನಲ್ಲಿ ತೋಳನ್ನು ಜೋಲಿಯಲ್ಲಿ ಇಳಿಬಿಟ್ಟುಕೊಂಡೇ ಶ್ವೇತ ಎದ್ದು ನಿಂತು ಕೇಳಿದ್ದಳು: ಎಣ್ಣೆ ಅತ್ತಿತ್ತ ಓಡದ ಹಾಗೆ ಚೇಂಬರಿನಲ್ಲಿ ಒಂದು ಪ್ಲೇಟು ಹಾಕಿಕೊಳ್ಳಲು ಬಿಡಿ. ಅದಕ್ಕೆ ಎದುರು ಮಾತಾಡಿದವಳು ಮೋಹಿನಿ. "ಇವತ್ತು ಪ್ಲೇಟು, ನಾಳೆ ಪಂಪು, ನಾಡಿದ್ದು ಪಿಸ್ಟನ್ನು. ಆಮೇಲೆ ಯಾರ ಕೈಲಿ ದುಡ್ಡು ಹಾಕೋಕೆ ಆಗುತ್ತೋ ಅವರು ಗೆಲ್ಲುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ" ಎಂದಿದ್ದಳು. ಎಲ್ಲರೂ ಹೌದೆಂದಿದ್ದರು. ಪ್ಲೇಟಿನ ಪರವಾಗಿ ಎದ್ದದ್ದು ಒಂದೇ ಕೈ, ಶ್ವೇತಳ ಬಲಗೈ.

ಈಗ ಆ ಪ್ಲೇಟು ಮೋಹಿನಿಯ ಕಣ್ಣೆದುರಿಗಿತ್ತು.

"ಮುಚ್ಚಿಡ್ಬೇಕು ಅಂತಿದ್ರೆ ಬೇಕಂತಲೇ ನಾಕನೇದಾಗಿ ಬತ್ತಿದ್ದೆ. ಚೇಂಬರ್ ಬಿಚ್ಚೋ ಪ್ರಮೇಯನೇ ಇರ್ತಿರ್ಲಿಲ್ಲ," ಎಂದಳು ಶ್ವೇತ. "ಈಗ ನೀವೇನ್ ಮಾಡ್ಬೇಕೋ ಮಾಡಿ."

"ಏನು ಮಾಡಬೇಕು ಅಂತ ನಿನಗೂ ಗೊತ್ತು."

"ಗೊತ್ತು."

ಮೋಹಿನಿ ಕೈ ಒರೆಸಿಕೊಂಡು ಶಾಮಿಯಾನದ ಕಡೆ ನಡೆದಳು. ಚಲುವರಾಜು ಕುರ್ಚಿಯಿಂದ ಎದ್ದ. ಅವಳು ಹೇಳಿದ್ದನ್ನು ಪೂರಾ ಕೇಳಿ, ತಂಗಿಯ ಕಾರಿನ ಕಡೆಗೊಮ್ಮೆ ನೋಡಿ, ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಮೇಡಮ್ನೋರೇ, ಅದು ಸಾಯ್ದಿದ್ರೆ ಸಾಕು ಅಂತ ಆಕೊಂಡಿರೋದು. ಮೋಸ ಅಂತೀರಾ ಅದ್ನ?"

"ಮೋಸ ಅಂತ ನಾನು ಅನ್ನಲಿಲ್ಲ ಚಲುವರಾಜಣ್ಣ. ನಿಯಮಕ್ಕೆ ಹೊರಗೆ ಅಂದೆ."

"ಆಯ್ತು, ಏಳ್ಬುಡಿ ಮೈಕಲ್ಲಿ," ಎಂದು ಅವನು ಬೇರೆ ಕಡೆ ಮುಖ ತಿರುಗಿಸಿದ.

ಮೈಕಿನಲ್ಲಿ ಹೇಳಿದಳು. ಏಳನೇ ನಂಬರಿನ ಕಾರು ಅನರ್ಹ. ಎರಡನೆಯವನಾಗಿ ಬಂದ ಮಹದೇವು, ಅವನ ಕಾರು ಪರಿಶೀಲನೆಯಲ್ಲಿ ಸರಿಯಿದ್ದರೆ, ಮೊದಲನೆಯವನು. ಆಮೇಲೆ ನೀರಿನ ಟ್ಯಾಂಕರಿನ ಹಿಂದಿನಿಂದ ಯಾರೋ ಅಂದರು, "ಮೇಡಮ್ನೋರ್ ಬೀದಿಯೋನೇ ಗೆದ್ನಲ್ಲಲಾ, ಬುಡು."

ಯಾರ ದನಿ ಎಂದು ಗೊತ್ತಾಗಲಿಲ್ಲ. ಮಾತು ಮಾತ್ರ ಎಲ್ಲರಿಗೂ ಕೇಳಿಸಿತ್ತು. ಚಲುವರಾಜುವಿಗೂ ಕೇಳಿಸಿತ್ತು. ಅವನು ಹೌದೆನ್ನಲಿಲ್ಲ, ಯಾವನೋ ಅವನು ಎಂದು ಗದರಲೂ ಇಲ್ಲ. ನಾಲೆಯ ಆಚೆಗಿನ ಕಬ್ಬಿನ ಗದ್ದೆಗಳನ್ನು ನೋಡುತ್ತ ನಿಂತ. ಮೋಹಿನಿಗೆ ಆ ಕೂಗಿಗಿಂತ ಅವನ ಸುಮ್ಮನಿರುವಿಕೆಯೇ ಹೆಚ್ಚು ಚುಚ್ಚಿತು. ಮೈಕನ್ನು ಮೇಜಿನ ಮೇಲೆ ಇಟ್ಟಳು. ಸ್ಪ್ಯಾನರು ಎತ್ತಿಕೊಂಡು ಮಹದೇವುವಿನ ಕಾರಿನತ್ತ ಹೋದಳು.

ಮಹದೇವು ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ಅವನ ತಾಯಿ ದೇವಿರಮ್ಮ ಕಾರಿನ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಛತ್ರಿ ಹಿಡಿದು ಕೂತಿದ್ದಳು. ಮಗ ಗೆದ್ದನೆಂದು ಯಾರೋ ಹೇಳಿದ್ದು ಕೇಳಿ ಅವಳಿಗೆ ಖುಷಿಯಾಗಿತ್ತು.

"ಬಾರವ್ವ ಮೋಹಿನಿ. ಧೂಳೆದ್ರೆ ಎಲ್ಲಾ ಕಾರೂ ಒಂದೇ ತರ ಕಾಣ್ತವೆ ಕಣವ್ವ. ನಮ್ಮೋನು ಮುಂದಿದ್ನೋ ಇಂದಿದ್ನೋ ನಂಗೊಂದೂ ತಿಳೀನಿಲ್ಲ. ಗೆದ್ನಂತಲ್ಲ?"

"ನೋಡ್ತೀನಿ ಇರು ದೇವಿರಕ್ಕ."

ಮಹದೇವು ಜಾಕಿ ಕೊಟ್ಟ. ಮೋಹಿನಿ ಅಡಿಗೆ ಸರಿದು ತಳದ ಬಿರಡೆ ತಿರುಗಿಸಿದಳು. ಎಣ್ಣೆ ಕಪ್ಪಗೆ, ನೀಳವಾಗಿ ಟ್ರೇಗೆ ಇಳಿಯಿತು. ಸುರಿದು ಮುಗಿದ ಮೇಲೆ ಟ್ರೇಯನ್ನು ಬಿಸಿಲಿಗೆ ಎಳೆದಳು. ಎಣ್ಣೆಯ ಮೈಯಲ್ಲಿ ಏನೋ ಮಿನುಗಿತು. ಬೆರಳದ್ದಿ, ಹೆಬ್ಬೆರಳಿನಿಂದ ಉಜ್ಜಿದಳು. ಜರಿ ಸೀರೆಯ ಅಂಚು ಸವರಿದಂತೆ ಸಣ್ಣ ಸಣ್ಣ ಲೋಹದ ಚೂರುಗಳು ಚರ್ಮಕ್ಕೆ ಅಂಟಿಕೊಂಡವು. ಎಣ್ಣೆ ಸಿಗದ ಬೇರಿಂಗು ಸವೆದು ಹೋಗುತ್ತಿತ್ತು.

ಚೇಂಬರು ಬಿಚ್ಚಿದಳು. ಒಳಗೆ ಪ್ಲೇಟಿಲ್ಲ, ಗೀಟಿಲ್ಲ, ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ನಿಯಮದ ಒಂದಕ್ಷರವೂ ತಪ್ಪಿರಲಿಲ್ಲ.

ಮಹದೇವು ಕುಕ್ಕರುಗಾಲಲ್ಲಿ ಕೂತು ಟ್ರೇ ನೋಡುತ್ತಿದ್ದ. ವಿಜ್ಞಾನದ ಮೇಷ್ಟ್ರು ಅವನು, ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಕ್ಕ, ಇನ್ನೊಂದ್ ಸುತ್ತು ಇದ್ದಿದ್ರೆ?"

"ತಿರುವಲ್ಲೇ ಸೀಜ್ ಆಗ್ತಿತ್ತು," ಎಂದಳು ಮೋಹಿನಿ.

ಅವನು ತಾಯಿಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದ. "ಅವ್ವಂಗೆ ಏಳ್ಬೇಡ." ಮತ್ತೆ ಟ್ರೇ ಕಡೆ ನೋಡಿ, "ನಾನೇನೂ ತಪ್ಪು ಮಾಡ್ನಿಲ್ವಲ್ಲಕ್ಕ?" ಎಂದ.

"ಇಲ್ಲ ಕಣಪ್ಪ. ನಿಂದು ಸರಿಯಾಗಿದೆ. ಗೆದ್ದ ಕಪ್ಪು ನಿಂದೇ."

ಹೇಳಿದಳೇನೋ ನಿಜ, ಆದರೆ ಆ 'ಸರಿ' ಎಂಬ ಮಾತು ಅವಳಿಗೇ ಸರಿ ಕಾಣಲಿಲ್ಲ. ಅತ್ತ ನಿಯಮ ಮುರಿದ ಎಂಜಿನ್ನು ಇನ್ನೂ ಎಷ್ಟೋ ವರ್ಷ ಓಡುವ ಹಾಗೆ ಗಟ್ಟಿಯಾಗಿತ್ತು. ಇತ್ತ ನಿಯಮ ಪಾಲಿಸಿದ ಎಂಜಿನ್ನು ಇವನನ್ನು ಕೊಲ್ಲಲು ಹೊರಟಿತ್ತು. ಎರಡನ್ನೂ ಬಿಚ್ಚಿ ನೋಡಿದವಳು ಅವಳೊಬ್ಬಳೇ. ಮೀಟಿಂಗಿನಲ್ಲಿ ತಾನು ಆಡಿದ ಮಾತು ಸುಳ್ಳೇನಲ್ಲ, ಪ್ಲೇಟಿನ ಹಿಂದೆ ಪಂಪು, ಪಂಪಿನ ಹಿಂದೆ ಪಿಸ್ಟನ್ನು ಬಂದೇ ಬರುತ್ತವೆ ಎಂದು ಈಗಲೂ ಅವಳಿಗೆ ಅನ್ನಿಸುತ್ತಿತ್ತು. ಆದರೆ ಅವತ್ತು ಅವಳು ಕಾರುಗಳು ಸಮನಾಗಿರುವುದನ್ನು ಮಾತ್ರ ನೋಡಿದ್ದಳು. ಮುರಿಯುವುದರಲ್ಲೂ ಅವೆಲ್ಲ ಸಮ ಎಂಬುದು ಹೊಳೆದಿರಲಿಲ್ಲ.

ಮೂರನೆಯ ಕಾರನ್ನೂ ನೋಡಿ ಮುಗಿಸಿದ ಮೇಲೆ ಮಹದೇವುವಿಗೆ ಕಪ್ಪು ಕೊಟ್ಟರು. ಚಲುವರಾಜುವೇ ಕೊಟ್ಟ, ಫೋಟೋಗೂ ನಿಂತ. ಚಪ್ಪಾಳೆ ಒಂದಷ್ಟು ಬಿತ್ತು. ಎಲ್ಲರೂ ಟ್ರೇಲರುಗಳ ಕಡೆ ಹೊರಡುವಷ್ಟರಲ್ಲಿ ಮೋಹಿನಿ ಮತ್ತೆ ಮೈಕು ತೆಗೆದುಕೊಂಡಳು.

"ಒಂದು ನಿಮಿಷ. ಅಪಾಯ ಅನ್ನಿಸಿದ ಕಾರನ್ನು ಟ್ರ್ಯಾಕಿಗೆ ಬಿಡದೇ ಇರುವ ಅಧಿಕಾರ ಪರಿಶೀಲಕರಿಗಿದೆ. ಅದನ್ನು ಇವತ್ತು ಬಳಸುತ್ತಿದ್ದೇನೆ. ಚೇಂಬರಿನಲ್ಲಿ ಪ್ಲೇಟು ಇಲ್ಲದ ಒಂದು ಕಾರಿಗೂ ಮುಂದಿನ ಓಟಕ್ಕೆ ನಾನು ಚೀಟಿ ಅಂಟಿಸುವುದಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಲುವರಾಜು ದಾಪುಗಾಲು ಹಾಕಿಕೊಂಡು ಬಂದ.

"ಇದೇನ್ ಮೇಡಮ್ನೋರೇ, ತಮಾಸೆನಾ? ಪ್ಲೇಟ್ ಇದ್ರೆ ನಿಯಮ ಒಪ್ಪಾಕಿಲ್ಲ, ಇಲ್ದಿದ್ರೆ ನೀವ್ ಬುಡಾಕಿಲ್ಲ. ಅಂಗಾದ್ರೆ ಯಾರ್ ಓಡ್ಸೋದು?"

"ಯಾರೂ ಇಲ್ಲ. ನಿಯಮ ಬದಲಾಗೋ ಗಂಟ ಯಾರೂ ಇಲ್ಲ." ಮೋಹಿನಿ ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಅವನಿಗಷ್ಟೇ ಅಲ್ಲದೆ ಟ್ಯಾಂಕರಿನ ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದಳು, "ಬದಲಾದರೂ ಅವರವರ ಇಷ್ಟದಂತೆ ಅಲ್ಲ. ಒಂದೇ ತಗಡು, ಒಂದೇ ಅಳತೆ, ಒಂದೇ ಕೈ ಬೆಸುಗೆ. ಹನ್ನೊಂದು ಕಾರಿಗೂ ಅದೇ. ಅದರ ಮೇಲೆ ಒಂದು ತೂತು ಹೆಚ್ಚು ಕೊರೆದರೂ ಹೊರಗೆ."

"ಅಂಗಾದ್ರೆ ನಮ್ ಸ್ವೇತಂದು ಸರಿ ಅಂತಾಯ್ತಲ್ಲ."

"ಮುಂದಿನ ಓಟಕ್ಕೆ ಸರಿ. ಇವತ್ತಿಂದಕ್ಕಲ್ಲ."

ಚಲುವರಾಜು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಹದೇವು ಎಣ್ಣೆಯ ಟ್ರೇಯನ್ನು ತುಳುಕದ ಹಾಗೆ ಎರಡೂ ಕೈಲಿ ಹಿಡಿದು ತಂದು ಶಾಮಿಯಾನದ ಮೇಜಿನ ಮೇಲಿಟ್ಟ. ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಬೆರಳದ್ದಿ ನೋಡಿದರು. ಚಲುವರಾಜುವೂ ಅದ್ದಿದ. ಹೆಬ್ಬೆರಳ ಮೇಲಿನ ಮಿನುಗನ್ನು ಬಹಳ ಹೊತ್ತು ನೋಡಿ, ಟವೆಲ್ಲಿಗೆ ಒರೆಸಿಕೊಂಡು, "ಬರೋ ಬಾನ್ವಾರ ಮೀಟಿಂಗು. ಎಲ್ರೂ ಬನ್ರಲಾ," ಎಂದ. ಬೀದಿಯ ಮಾತಾಡಿದವನು ಆ ಗುಂಪಿನಲ್ಲೇ ಇದ್ದಿರಬೇಕು. ಅವನೂ ಬೆರಳದ್ದಿರಬೇಕು.

ಶ್ವೇತ ಮಾತ್ರ ದೂರದಲ್ಲಿ ತನ್ನ ಕಾರನ್ನು ಟ್ರೇಲರಿಗೆ ಬಿಗಿಯುತ್ತಿದ್ದಳು. ಮೋಹಿನಿ ಹತ್ತಿರ ಹೋದಾಗ ತಲೆ ಎತ್ತಲಿಲ್ಲ.

"ಈ ಮಾತ್ನ ಆವತ್ತೇ ಏಳಿದ್ರೆ, ನಾನ್ ಇವತ್ತು ಗೆದ್ದಿರ್ತಿದ್ದೆ ಮೇಡಂ."

"ಹೌದು," ಎಂದಳು ಮೋಹಿನಿ.

ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು. ಶ್ವೇತ ಬೇಡವೆನ್ನಲಿಲ್ಲ, ಗಂಟು ಹಾಕಿದಳು.

ಮೀಟಿಂಗಿನಲ್ಲಿ ವಾದವೇನೂ ಕಡಿಮೆಯಾಗಲಿಲ್ಲ. ಕಂಪನಿ ಕೊಟ್ಟದ್ದನ್ನು ಮುಟ್ಟಬಾರದೆಂದು ಮೇಜು ಗುದ್ದಿದವರೂ ಇದ್ದರು, ಮುಟ್ಟಿದ ಮೇಲೆ ಪಂಪನ್ನೂ ಬದಲಾಯಿಸೋಣ ಎಂದವರೂ ಇದ್ದರು. ಮೋಹಿನಿ ಎರಡು ಕಡೆಯವರಿಗೂ ಅದದೇ ಮಾತು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಳು. ಕೊನೆಗೆ ನಿಯಮಕ್ಕೆ ಒಂದೇ ಅಳತೆಯ ಪ್ಲೇಟಿನ ಒಂದು ಸಾಲು ಸೇರಿತು. ಯಾರ ಕೈ ಬೆಸುಗೆ ಎಂಬ ಮಾತು ಬಂದಾಗ ಮಹದೇವು, "ಸ್ವೇತಂದೇ ಆಗ್ಲಿ. ಅವಳ್ ಬೆಸುಗೆ ತಿರುವಲ್ಲಿ ತಡ್ಕಂಡು ತೋರ್ಸೈತೆ," ಎಂದ. ಯಾರೂ ಬೇರೆ ಹೆಸರು ಹೇಳಲಿಲ್ಲ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಮದ್ದೂರಿನಲ್ಲಿ, ರೈಲು ಹಳಿಯ ಪಕ್ಕದ ವರ್ಕ್‌ಶಾಪೊಂದರ ಅಂಗಳದಲ್ಲಿ ಶ್ವೇತ ಬೆಸುಗೆ ಶುರುಮಾಡಿದಳು. ಮೋಹಿನಿ ತಗಡು ಹಿಡಿದುಕೊಟ್ಟಳು. ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. "ಸ್ವಲ್ಪ ಇತ್ಲಾಗೆ ಮೇಡಂ." "ಇಷ್ಟು ಸಾಕಾ?" "ಸಾಕು." ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಸೋರುತ್ತವೋ ಏನೋ ನೋಡಬೇಕಲ್ಲ, ಚೇಂಬರುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಬಕೆಟ್ಟಿನಿಂದ ನೀರು ತುಂಬಿದರು. ಇಬ್ಬರೂ ಬೇವಿನ ನೆರಳಿನಲ್ಲಿ ಕೂತು ಕಾದರು.

ಮೈಸೂರು ಕಡೆಯ ರೈಲು ಅಂಗಳವನ್ನೇ ಅಲುಗಿಸುತ್ತ ಹಾದುಹೋಯಿತು. ಸಾಲಿನಲ್ಲಿದ್ದ ನೀರೆಲ್ಲ ಒಟ್ಟಿಗೇ ಕಂಪಿಸಿತು. ಒಂದು ತೊಟ್ಟೂ ಹೊರಗೆ ಚೆಲ್ಲಲಿಲ್ಲ. ರೈಲಿನ ಸದ್ದು ಹನಕೆರೆಯ ಕಡೆ ಸವೆದು ಹೋದ ಮೇಲೂ ಇಬ್ಬರೂ ನೀರು ನಿಲ್ಲುವುದನ್ನೇ ನೋಡುತ್ತ ಕೂತಿದ್ದರು.