ಟಣ್ ಅಕ್ಕನ ಕಿವಿ

ಟಣ್ ಅಕ್ಕನಿಗೆ ಆ ಹೆಸರು ಯಾರಿಟ್ಟರೋ ಗೊತ್ತಿಲ್ಲ, ಆದರೆ ಇಟ್ಟವರು ಸುಳ್ಳು ಹೇಳಿಲ್ಲ. ಹಳೇ ಸ್ನೇರ್ ಡ್ರಮ್ಮು ರಿಪೇರಿ ಮಾಡುವುದು ಅವಳ ಕಸುಬು. ಹೊಟ್ಟೆಯ ಕೆಳಗೆ ತಂತಿ ಕಟ್ಟಿಕೊಂಡು, ಕೋಲು ಬಿದ್ದರೆ ಚರ್ರ್ ಎನ್ನುವ ಗಿಡ್ಡ ಡ್ರಮ್ಮು ಇದೆಯಲ್ಲ, ಅದೇ. ಅದರ ಮೇಲಿನ ಕೆಳಗಿನ ಹೊದಿಕೆ ಬಿಚ್ಚಿದರೆ ಉಳಿಯುವುದು ದೊಡ್ಡ ಬಳೆಯಂಥ ಲೋಹದ ಒಡಲು. ಅದನ್ನು ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸಿಕ್ಕಿಸಿ, ಬಲಗೈ ಗೆಣ್ಣಿನಿಂದ ಒಮ್ಮೆ ಟಣ್ ಎನ್ನಿಸಿದಳೋ, ಮುಗಿಯಿತು. "ಹಿತ್ತಾಳೆ." "ಉಕ್ಕು." "ಇದು ತಾಮ್ರ ಕಣಪ್ಪಾ, ಜೋಪಾನ." ಮೇಲೆ ಫಳಫಳ ಲೇಪ ಇರಲಿ, ಪದರ ಪದರ ಬಣ್ಣ ಬಳಿದಿರಲಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿಬಿಡುತ್ತಿದ್ದಳು. ಅಯಸ್ಕಾಂತ ಹಿಡಿದು ನೋಡಬಾರದೇ ಎಂದು ಯಾರಾದರೂ ಕೇಳಿದರೆ ಮೂಗು ಮುರಿಯುತ್ತಿದ್ದಳು.

"ಅದು ಕಿವುಡರ ಕೆಲಸ."

ಅಯ್ಯೋ, ಆ ಮಾತು ಆಡಬಾರದಿತ್ತು. ಆಡಿದ್ದೇ ಅವಳ ಬೆನ್ನಿಗೆ ಬಿತ್ತು.

ಆದದ್ದು ಇಷ್ಟು. ಬೆಸುಗೆ ಹಾಕುವಾಗ ಕಾದ ಸಲಾಕೆ ತಗುಲಿ ಅಕ್ಕನ ಎಡಗೈ ಹೆಬ್ಬೆರಳು ಸುಟ್ಟಿತು. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ತಂಗಿ ಬೈಯುತ್ತಲೇ ದಪ್ಪಗೆ ಪಟ್ಟಿ ಸುತ್ತಿದಳು. ಸುಮ್ಮನೆ ಕೂರುವ ಜಾಯಮಾನ ಅಕ್ಕನದಲ್ಲ. ಆ ವಾರವೇ ಡ್ರಮ್ಮು ಬಾರಿಸುವ ಜೋಡಿಕೋಲು ಒಂದು ಹಳೇ ಡ್ರಮ್ಮು ತಂದ. ಎರಡು ಕೋಲು ಯಾವಾಗಲೂ ಹಿಂದಿನ ಜೇಬಿನಲ್ಲೇ ಇರುತ್ತವೆ, ಅದಕ್ಕೇ ಆ ಹೆಸರು. ಮೆಲುವಾದ ಹಾಡಿನ ರೆಕಾರ್ಡಿಂಗಿಗೆ ಅವನಿಗೆ ಹಿತ್ತಾಳೆಯೇ ಬೇಕಿತ್ತು. ಹಿತ್ತಾಳೆಯ ದನಿ ತುಂಬಿಕೊಂಡು ಬರುತ್ತದೆ, ಉಕ್ಕಿನದು ಚುಚ್ಚುತ್ತದೆ. ಅಕ್ಕ ಟಣ್ ಎನ್ನಿಸಿ, "ಹಿತ್ತಾಳೆ, ಕಣ್ಮುಚ್ಚಿ ಒಯ್ಯಿ" ಅಂದಳು.

ಮಾರನೆಯ ದಿನವೇ ಜೋಡಿಕೋಲು ಅದೇ ಡ್ರಮ್ಮು ಹೊತ್ತು ಬಂದ. ಬೈಯಲಿಲ್ಲ, ಪಾಪ. ಜೇಬಿನಿಂದ ಒಂದು ಪುಟ್ಟ ಅಯಸ್ಕಾಂತ ತೆಗೆದು ಒಡಲಿಗೆ ಹಿಡಿದ. ಟಪ್ ಅಂತ ಅಂಟಿಕೊಂಡಿತು.

"ಉಕ್ಕು ಅಕ್ಕ. ಹಾಡೋರು ಕಿವಿ ಮುಚ್ಕೊಂಡ್ರು."

ಅವನು ಹೋದ ಮೇಲೆ ಅಕ್ಕ ಎದ್ದು ಷಟರ್ ಅರ್ಧ ಎಳೆದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗನ್ನಲ್ಲ. ನನ್ನ ಕಿವಿ ಹೋಯ್ತು ಕಣೇ. ಕಿವಿ ಹೋದ ಮೇಲೆ ಈ ಅಂಗಡಿ ಯಾಕೆ?"

"ಮೊದಲು ತೋರಿಸ್ಕೊಂಡು ಬರೋಣ ಬಾ. ಆಮೇಲೆ ಬೇಕಾದ್ರೆ ಗೋಳಾಡುವಿಯಂತೆ," ಅಂದಳು ತಂಗಿ.

ಕಿವಿ ಡಾಕ್ಟರಮ್ಮ ಅಕ್ಕನನ್ನು ಗಾಜಿನ ಗೂಡಿನಲ್ಲಿ ಕೂರಿಸಿ ಏನೇನೋ ಸದ್ದು ಕೇಳಿಸಿದರು. ಅರ್ಧಕ್ಕರ್ಧ ಸದ್ದಿಗೆ ಅಕ್ಕ ಮಿಸುಕಲಿಲ್ಲ. ಹೊರಗೆ ಬಂದ ಮೇಲೆ ಡಾಕ್ಟರಮ್ಮ ಮೆಲ್ಲಗೆ ಹೇಳಿದರು, "ಮೇಲಿನ ಸ್ವರ ಒಂದೂ ನಿಮಗೆ ಕೇಳ್ತಿಲ್ಲ. ಇದು ನಿನ್ನೆ ಮೊನ್ನೆಯದಲ್ಲಮ್ಮ. ಕಡಿಮೆ ಅಂದ್ರೂ ಹತ್ತು ವರ್ಷ ಆಗಿರಬೇಕು. ಮೆಷಿನ್ ಹಾಕ್ಕೊಳ್ಳಿ."

ಮೆಷಿನ್ ಅಂದದ್ದು ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಮೆಷಿನ್ನಿನ ಕಿವಿಯವಳ ಹತ್ತಿರ ಡ್ರಮ್ಮು ಯಾರು ತರುತ್ತಾರೆ? ಆದರೆ ದಾರಿಯುದ್ದಕ್ಕೂ ಅವಳನ್ನು ಕೊರೆದದ್ದು ಬೇರೆಯೇ.

"ಹತ್ತು ವರ್ಷ ಅಂದ್ರಲ್ಲೇ ಅವರು! ಹೋದ ತಿಂಗಳ ತನಕ ನಾನು ಒಂದೂ ತಪ್ಪಿಲ್ಲವಲ್ಲ. ಇಷ್ಟು ದಿನ ಕಿವಿ ಇಲ್ಲದೆ ಹೇಗೆ ಹೇಳ್ದೆ?"

ತಂಗಿ ನಡೆಯುತ್ತಿದ್ದವಳು ನಿಂತಳು. ಹೌದಲ್ಲ!

ಗೋಳು ಅಲ್ಲಿಗೇ ನಿಂತಿತು. ಅಕ್ಕನಿಗೆ ಕುತೂಹಲ ಹೊಕ್ಕರೆ ಊಟ ನಿದ್ದೆ ಬೇಡ. ಅಂಗಡಿಗೆ ಬಂದವಳೇ ಹಿತ್ತಾಳೆ, ಉಕ್ಕು, ತಾಮ್ರ, ಅಲ್ಯೂಮಿನಿಯಂ, ನಾಲ್ಕೂ ಒಡಲು ಸಾಲಾಗಿ ಇಡಿಸಿ ಗೋಡೆಗೆ ಮುಖ ಮಾಡಿ ಕೂತಳು. ತಂಗಿ ಹಿಂದಿನಿಂದ ಒಂದೊಂದನ್ನೇ ಬಡಿದಳು. ಅಕ್ಕನಿಗೆ ಎಲ್ಲಾ ಒಂದೇ, ಟಕ್, ಟಕ್, ಟಕ್. ಡಾಕ್ಟರಮ್ಮನ ಮಾತು ನಿಜ. ಕಣ್ಣು ಮುಚ್ಚಿ ತಾನೇ ಹಿಡಿದು ಬಡಿದಳು. ಅಲ್ಯೂಮಿನಿಯಂ ಹಗುರ, ಅದೊಂದು ಗೊತ್ತಾಯಿತು. ಮಿಕ್ಕ ಮೂರೂ ಅಯೋಮಯ.

"ಹೋದ ತಿಂಗಳಿಂದ ಏನು ಬದಲಾಗಿದೆ ಹೇಳೇ."

"ನಿನ್ನ ಸಿಟ್ಟು. ಮೊದಲು ಮೂಗಿನ ತುದೀಲಿತ್ತು, ಈಗ ಇಡೀ ಮುಖದಲ್ಲಿದೆ."

"ತಮಾಷೆ ಸಾಕು!"

ಬೆಂಚು ಅದೇ, ಕೋಣೆ ಅದೇ, ಬಡಿಯುವ ಗೆಣ್ಣೂ ಅದೇ. ಮುಂದಿನ ವಾರವೆಲ್ಲ ಇಬ್ಬರೂ ಅದನ್ನೇ ಮೆಲುಕು ಹಾಕಿದರು. ಒಂದು ಬೆಳಿಗ್ಗೆ ತಂಗಿ ಅಕ್ಕನ ಹೆಬ್ಬೆರಳ ಪಟ್ಟಿ ಬಿಚ್ಚಿದಳು. ಸುಟ್ಟ ಜಾಗದಲ್ಲಿ ಎಳೆಗೆಂಪು ಹೊಸ ಚರ್ಮ ಬಂದಿತ್ತು. ಬೆಂಚಿನ ಮೇಲಿದ್ದ ಬಣ್ಣ ಬಳಿದ ಒಡಲನ್ನು ಪಕ್ಕಕ್ಕಿಡಲೆಂದು ಅಕ್ಕ ಎತ್ತಿದಳು. ಅದು ಬೆಂಚಿನಂಚಿಗೆ ತಗುಲಿತು.

"ಹಿತ್ತಾಳೆ," ಅಂದಳು, ಯೋಚಿಸದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಕ್ಕ ಹೆಬ್ಬೆರಳನ್ನು ಕಣ್ಣಿನ ಹತ್ತಿರ ಹಿಡಿದು, ಮೊದಲ ಸಲ ಕಂಡವಳ ಹಾಗೆ ತಿರುಗಿಸಿ ನೋಡಿದಳು. "ಹತ್ತಿ ತಗೊಂಡು ಬಾರೇ, ಬೇಗ!"

ಎರಡೂ ಕಿವಿಗೆ ಹತ್ತಿ ತುರುಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ತಂಗಿ ಕೈಗಿಟ್ಟಂತೆಲ್ಲ ಅಕ್ಕ ಬಡಿದಳು. ಉಕ್ಕಿನ ನಡುಕ ಸಣ್ಣದು, ಚುರುಚುರು ಅಂತ ಉಗುರಿನ ಬುಡ ಕಡಿಯುತ್ತದೆ. ಹಿತ್ತಾಳೆಯದು ದಪ್ಪ, ಹೋಗಲೊಲ್ಲದು, ಮಣಿಕಟ್ಟಿನವರೆಗೂ ಬಂದು ಕೂರುತ್ತದೆ. ತಾಮ್ರ ಮೆತ್ತಗೆ ಬಂದು ಮೆತ್ತಗೆ ಹೋಗುತ್ತದೆ. ಅಲ್ಯೂಮಿನಿಯಂನದು ಹುಟ್ಟಿದ್ದೇ ಸಾಯುತ್ತದೆ. ನಾಲ್ಕಕ್ಕೆ ನಾಲ್ಕೂ ಸರಿ! ತೊಗಲಿನ ಕೈಗವಸು ಹಾಕಿಕೊಂಡು ಬಡಿದಳು. ಏನೂ ಗೊತ್ತಾಗಲಿಲ್ಲ. ಗವಸು ತೆಗೆದಳು, ಮತ್ತೆ ಎಲ್ಲಾ ಸರಿ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲೇ!" ಅಕ್ಕ ನಕ್ಕಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಕಿವಿ ಯಾವಾಗ ಕೈ ಕೊಡ್ತೋ, ಬೆರಳು ಯಾವಾಗ ಕೆಲಸ ತಗೊಂಡ್ತೋ, ನನಗೊಂದು ಮಾತೂ ಹೇಳ್ಲಿಲ್ಲ."

"ಹಾಗಾದ್ರೆ ಅಂಗಡಿ?"

"ತೆಗಿ ಷಟರು."

"ಮೆಷಿನ್ನು?"

ಈ ಸಲ ಅಕ್ಕ ಮೂಗು ಮುರಿಯಲಿಲ್ಲ. ಕಸುಬು ಕೈಯಲ್ಲಿದೆ ಎಂದ ಮೇಲೆ ಕಿವಿಯಲ್ಲಿ ಏನು ಸಿಕ್ಕಿಸಿಕೊಂಡರೆ ಯಾರಿಗೇನು?

ಮೆಷಿನ್ ಹಾಕಿಸಿಕೊಂಡು ಬಂದ ದಿನವೇ ಜೋಡಿಕೋಲು ಬರುವವನಿದ್ದ. ಹಾಡು ಇನ್ನೂ ಬಾಕಿಯಿತ್ತು. ಅಕ್ಕ ಅವನಿಗಾಗಿ ಒಂದು ಹಳೇ ಹಿತ್ತಾಳೆ ಒಡಲನ್ನು ಹೆಬ್ಬೆರಳಿಂದಲೇ ಆರಿಸಿ, ಹೊದಿಕೆ ಬಿಗಿದು, ತಂತಿ ಕಟ್ಟಿ ಇಟ್ಟಿದ್ದಳು. ಅವನು ಬಂದವನೇ ಬಿಂಕದಿಂದ ಅಯಸ್ಕಾಂತ ಹಿಡಿದ. ಅಂಟಲಿಲ್ಲ.

"ಸಮಾಧಾನ ಆಯ್ತಾ? ಕೊಡು ಇಲ್ಲಿ ಕೋಲು," ಎಂದು ಅಕ್ಕ ಕಿತ್ತುಕೊಂಡು ಡ್ರಮ್ಮಿನ ನಡುವಿಗೆ ಒಂದೇ ಒಂದು ಏಟು ಕೊಟ್ಟಳು.

ಕೊಟ್ಟವಳು ಹಾಗೇ ನಿಂತಳು. ಚರ್ರ್ ಎಂದದ್ದರ ಮೇಲೆ ಇನ್ನೊಂದು ದನಿ ಎದ್ದಿತ್ತು, ಬೆಳ್ಳಗೆ, ನೀಳಕ್ಕೆ. ಅದು ಕೋಣೆಯನ್ನೆಲ್ಲ ಸುತ್ತಿ ನಿಧಾನವಾಗಿ ಆರಿತು.

"ಲೇ ತಂಗಿ, ಇದು ಇಷ್ಟು ಚೆಂದ ಇತ್ತೇನೇ? ಹತ್ತು ವರ್ಷ ನಾನು ಇದರ ಹೆಸರು ಮಾತ್ರ ಹೇಳಿ ಕಳಿಸ್ತಿದ್ದೆನಲ್ಲೇ."

ತಂಗಿ ಅಕ್ಕನ ಬೆನ್ನ ಮೇಲೆ ಕೈಯಿಟ್ಟಳು. ಜೋಡಿಕೋಲು ಸಂಕೋಚದಿಂದ ಡ್ರಮ್ಮಿಗೆ ಕೈ ಚಾಚಿದ.

"ಕೊಡ್ತೀರಾ ಅಕ್ಕ? ಅಲ್ಲಿ ಎಲ್ಲರೂ ಕಾಯ್ತಿದ್ದಾರೆ."

"ಕಾಯಲಿ ಬಿಡು," ಅಂದಳು ಅಕ್ಕ, ಮತ್ತೆ ಕೋಲು ಎತ್ತಿದಳು.